ಲಾರಿಯ ಕೆಳಗೆ ಹಾಸಿದ ಧೋತರ

ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಲಾರಿಗಳಿಗೆ ಕಾಯಿಲೆ ಬಂದರೆ ಹೊಸವು ಒಂದು ದಾರಿ ಹಿಡಿಯುತ್ತವೆ, ಹಳೆಯವು ಇನ್ನೊಂದು. ಹೊಸವು ಸೇತುವೆ ದಾಟಿ ಎರ್ನಾಕುಲಂ ಕಡೆಯ ದೊಡ್ಡ ವರ್ಕ್‌ಶಾಪುಗಳಿಗೆ ಹೋಗುತ್ತವೆ; ಅಲ್ಲಿ ಮಾಲೀಕರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಕಾಫಿ ಕೊಡುತ್ತಾರೆ. ಹಳೆಯವು ಬಂದರಿನ ಹಿಂಬದಿಯ ಮಳೆಮರದ ಕೆಳಗೆ, ಹಾಲಪ್ಪನ ತಗಡಿನ ಶೆಡ್ಡಿನ ಮುಂದೆ, ಹೊಟ್ಟೆನೋವಿನ ಎತ್ತಿನ ಹಾಗೆ ಬಂದು ನಿಲ್ಲುತ್ತವೆ. ಅಲ್ಲಿ ಕಾಫಿ ಇಲ್ಲ. ಕೂರುವುದಕ್ಕೆ ಒಂದು ಹಳೆಯ ಟೈರಿದೆ.

ಹಾಲಪ್ಪನಿಗೆ ಅರವತ್ತೊಂದು. ಊರು ರಾಣೆಬೆನ್ನೂರಿನ ಆಚೆ. ಇಪ್ಪತ್ತೇಳರ ಹರೆಯದಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಲೋಡು ಹೊಡೆದುಕೊಂಡು ಕೊಚ್ಚಿಗೆ ಬಂದವನು, ದ್ವೀಪದ ಸೇತುವೆಯ ಬಾಯಲ್ಲೇ ಆಕ್ಸಲ್ ಮುರಿದು ನಿಂತುಬಿಟ್ಟ. ಮೆಣಸಿನಕಾಯಿ ಬೇರೆ ಗಾಡಿ ಹತ್ತಿ ಹೋಯಿತು. ಲಾರಿಯ ಮಾಲೀಕ ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಎರಡು ತಿಂಗಳು ಕಳೆದ. ಆ ಎರಡು ತಿಂಗಳು ಲಾರಿ ಕಾಯುತ್ತ ಕೂತ ಹುಡುಗನ ಕೈಗೆ ಈ ಶೆಡ್ಡಿನ ಮುದುಕ ಮೆಕ್ಯಾನಿಕ್ ಒಂದು ಪಾನಾ ಕೊಟ್ಟು, "ಕೂತು ಉಣ್ಣುವವನಿಗಿಂತ ಮಲಗಿ ದುಡಿಯುವವನು ಮೇಲು, ಕೆಳಗೆ ನುಗ್ಗು" ಎಂದಿದ್ದ. ಮಾಲೀಕ ಬರುವ ಹೊತ್ತಿಗೆ ಲಾರಿ ಸರಿಯಾಗಿತ್ತು. ಹಾಲಪ್ಪ ಮಾತ್ರ ಊರಿಗೆ ವಾಪಸ್ಸಾಗಲಿಲ್ಲ. ಮುದುಕ ತೀರಿಕೊಂಡ ಮೇಲೆ ಶೆಡ್ಡು ಅವನದಾಯಿತು. ಸುತ್ತಲಿನ ಮಲಯಾಳಿ ಡ್ರೈವರುಗಳು ಅವನನ್ನು ಆಶಾನ್ ಎಂದು ಕರೆಯತೊಡಗಿದರು. ಅಲ್ಲಿ ಕಸುಬಿನ ಗುರುವಿಗೆ ಹಾಗೆ ಹೇಳುವುದು. ಮಲಯಾಳ ನೀರಿನ ಹಾಗೆ ಮಾತಾಡುತ್ತಾನೆ. ಓದಲು ಬರೆಯಲು ಕನ್ನಡವೊಂದೇ, ಅದೂ ನಾಲ್ಕನೇ ಇಯತ್ತೆಯಷ್ಟು.

ಮೂವತ್ತನಾಲ್ಕು ವರ್ಷಗಳಲ್ಲಿ ಹಾಲಪ್ಪ ಬೋರ್ಡು ಹಾಕಿಸಲಿಲ್ಲ, ಚೀಟಿ ಅಚ್ಚು ಹಾಕಿಸಲಿಲ್ಲ. ಅವನ ಬೋರ್ಡೆಂದರೆ ಒಂದು ಮಾತು: ಆಶಾನ್ ಮಾಡಿದ ಕೆಲಸ ವಾಪಸ್ ಬರುವುದಿಲ್ಲ. ಆ ಮಾತನ್ನು ಅವನು ಹೇಳಿದ್ದಲ್ಲ, ಜನ ಹೇಳಿದ್ದು. ಅದಕ್ಕೇ ಅದರ ಮೇಲೆ ಅವನಿಗೆ ಅಷ್ಟು ಮೋಹ.

ಆ ಮಾತನ್ನು ಸುಳ್ಳು ಮಾಡಲು ಹೊರಟಿದ್ದದ್ದು ಜುಬೈದಾಳ ಲಾರಿ.

ಮಂಗಳವಾರ ಮಧ್ಯಾಹ್ನ ಅದು ತಿರುವಿನಲ್ಲಿ ಕಂಡಾಗಲೇ ಹಾಲಪ್ಪ ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಎದ್ದು ನಿಂತ. ಹತ್ತೊಂಬತ್ತು ವರ್ಷದ ಮುದಿ ಲಾರಿ. ಹಣೆಯ ಮೇಲೆ ಹಳದಿ ಅಕ್ಷರದಲ್ಲಿ 'ಸುಮಯ್ಯಾ' ಎಂದು ಬರೆದಿತ್ತು. ಅದು ಜುಬೈದಾಳ ಮಗಳ ಹೆಸರು. ಜುಬೈದಾ ಮಂಜೇಶ್ವರದವಳು, ಕನ್ನಡ ಶಾಲೆಯಲ್ಲಿ ಕಲಿತವಳು, ಹರಾಜಿನಲ್ಲಿ ಹಿಡಿದ ಲಾರಿಯನ್ನು ತಾನೇ ಓಡಿಸುವ ಮಾಲಕಿ. ಕೊಚ್ಚಿಯಿಂದ ವಾರಕ್ಕೊಮ್ಮೆ ಹಡಗಿನವರಿಗೆ ಬೇಕಾದ ಅಕ್ಕಿ, ಗೋಧಿಹಿಟ್ಟು, ಎಣ್ಣೆ, ಬೇಳೆ ತುಂಬಿಕೊಂಡು ತಿರುವನಂತಪುರದಾಚೆ ವಿಳಿಂಜಂ ಹತ್ತಿರದ ಗೋದಾಮಿಗೆ ಮುಟ್ಟಿಸುವುದು ಅವಳ ಕಾಯಂ ಕೆಲಸ.

ಅವಳು ಇಂಜಿನ್ ಆರಿಸಿ, ಬಾಗಿಲಿಂದ ಕೆಳಗೆ ಜಿಗಿದಳು. "ಹಾಲಪ್ಪಣ್ಣಾ, ನಿಮ್ಮ ಪೇಷಂಟು ಪುನಃ ಬಂದಿದ್ದಾಳೆ. ಮೂಗು ಸೋರ್ತಾ ಉಂಟು."

"ಸುಳ್ಳು ಹೇಳಬ್ಯಾಡ ತಂಗಿ."

"ನಾನು ಸುಳ್ಳು, ಇದೂ ಸುಳ್ಳಾ?" ಗಾಜಿನ ಮೇಲೆ ಅಂಟಿಸಿದ್ದ ಕೆಂಪು ಚೀಟಿಯನ್ನು ಅವಳು ಬೆರಳಿನಿಂದ ಕುಟ್ಟಿದಳು. "ಗೋದಾಮಿನ ಗೇಟಿನಲ್ಲಿ ಹೊಡೆದದ್ದು. ಆ ಸೇಫ್ಟಿ ಆಫೀಸರ್ ಉಂಟಲ್ಲ, ಅಲ್ವಿನ್, ನಮ್ಮ ಮಂಗಳೂರಿನವನೇ, ಲಾರಿಯ ಅಡಿಗೆ ರಟ್ಟು ಹಾಕಿ ಅರ್ಧ ಗಂಟೆ ನಿಲ್ಲಿಸಿದ. ಏಳು ಹನಿ. ಎಣಿಸಿ ಹೇಳಿದ ಮಾರಾಯ್ರೆ, ಏಳು! ಲೋಡು ಹೊರಗೇ ಇಳಿಸಿ ಬಂದೆ. ಶುಕ್ರವಾರ ಕಡೇ ಅವಕಾಶವಂತೆ. ಒಂದು ಹನಿ ಬಿದ್ದರೆ ಗಾಡಿಯ ನಂಬರು ಪಟ್ಟಿಯಿಂದ ಹೊರಗೆ."

"ಮತ್ತೇನಂದ?"

ಜುಬೈದಾ ಚೀಟಿಯಿಂದ ಬೆರಳು ತೆಗೆದಳು. "ಒಳ್ಳೇ ವರ್ಕ್‌ಶಾಪಿಗೆ ತೋರಿಸಿ ಅಂದ. ಮರದಡಿಯವರಿಗೆ ಕೊಡಬೇಡಿ ಅಂದ. ನಾನು ಅಲ್ಲೇ ಒಂದಕ್ಕೆ ತೋರಿಸಿದೆ ಕೂಡ, ಸುಳ್ಳು ಹೇಳುದಿಲ್ಲ. ಅವರು ಇಡೀ ಆಕ್ಸಲೇ ಬದಲಿಸಬೇಕು, ಇಲ್ಲದಿದ್ದರೆ ಗುಜರಿಗೆ ಹಾಕಿ ಅಂದರು. ಗುಜರಿಯವ ನಿನ್ನೆ ಟೇಪು ಹಿಡಿದು ಅಳೆದೂ ಹೋದ. ಹೆಣ ಅಳೆದ ಹಾಗೆ."

ಹಾಲಪ್ಪನ ಮೀಸೆ ಅದುರಿತು. "ಹಳೇದಂದ ಕೂಡಲೇ ಸೋರ್ತೈತಂತೇನು? ನನಗೂ ಅರವತ್ತೊಂದು. ನಾ ಎಲ್ಲಿ ಸೋರಾಕತ್ತೀನಿ? ಬರಲಿ ಆ ಟೇಪಿನವ, ನನ್ನೂ ಅಳೀಲಿ."

"ಕೋಪ ಮಾಡ್ಬೇಡಿ. ಎರಡು ಸಲ ಸೀಲು ಹಾಕಿದ್ದು ನೀವೇ ಅಲ್ವಾ?"

ಅದು ನಿಜ. ಸೀಲು ಎಂದರೆ ಅಂಗೈ ಅಗಲದ ಒಂದು ರಬ್ಬರ್ ಬಳೆ. ಲಾರಿಯ ಹಿಂದಿನ ಆಕ್ಸಲಿನ ನಡುವೆ ಬಸುರಿ ಹೊಟ್ಟೆಯಂತೆ ಉಬ್ಬಿದ ಡಿಫರೆನ್ಷಿಯಲ್ ಇರುತ್ತದೆ. ಇಂಜಿನ್ ತಿರುಗಿಸುವ ಉದ್ದನೆಯ ಶಾಫ್ಟು ಬಂದು ಅದರ ಮೂತಿಗೆ ಸೇರುತ್ತದೆ. ಅಲ್ಲಿ, ತಿರುಗುವ ಕಬ್ಬಿಣಕ್ಕೂ ನಿಂತ ಕಬ್ಬಿಣಕ್ಕೂ ನಡುವೆ ಕೂತು, ಒಳಗಿನ ಗೇರ್ ಆಯಿಲನ್ನು ಒಳಗೇ ಹಿಡಿದಿಡುವುದು ಆ ಬಳೆಯ ಉದ್ಯೋಗ. ಹಾಲಪ್ಪ ಅಂಥ ಬಳೆಗಳನ್ನು ಲೆಕ್ಕವಿಲ್ಲದಷ್ಟು ತೊಡಿಸಿದ್ದ. ಆದರೆ ಸುಮಯ್ಯಾಳಿಗೆ ಮೊದಲು ತೊಡಿಸಿದ್ದು ಎರಡು ಟ್ರಿಪ್ಪಿಗೆ ಸೋರಿತು. ಆಗ ಅವನು ಹರಿದ ಸೀಲನ್ನು ಹಿಡಿದು ಎರ್ನಾಕುಲಂನ ಬಿಡಿಭಾಗದ ಅಂಗಡಿಗೆ ಹೋಗಿ, ಅಂಗಡಿಯ ವಸಂತನ ಗಾಜಿನ ಕೌಂಟರಿನ ಮೇಲೆ ಅದನ್ನು ಒಗೆದು, "ಡೂಪ್ಲಿಕೇಟ್ ಮಾಲು ಮಾರಿ ನನ್ನ ಹೆಸರು ಕೆಡಸ್ತೀಯೇನಲೇ?" ಎಂದು ನಾಲ್ಕು ಗಿರಾಕಿಗಳ ಮುಂದೆ ಕೂಗಾಡಿದ್ದ. ಇಪ್ಪತ್ತು ವರ್ಷದ ಪರಿಚಯದ ವಸಂತ ಇನ್ನೊಂದು ಸೀಲು, ಹೊಸ ಪೆಟ್ಟಿಗೆ ಒಡೆದು, ಕೊಟ್ಟಿದ್ದ. ಈಗ ಅದೂ ಸೋರಿತ್ತು.

"ಈಗ ಮೂರನೇದು ಹಾಕ್ತೀನಿ," ಎಂದ ಹಾಲಪ್ಪ. "ಶುಕ್ರವಾರ ನಿನ್ನ ಜೊತಿ ನಾನೂ ಬರ್ತೀನಿ. ಒಂದು ಹನಿ ಬಿದ್ರ ನನ್ನ ಪಾನಾ ಎಲ್ಲಾ ಕಾಯಲಿನ ನೀರಿಗೆ ಒಗೀತೀನಿ. ಇದು ಈ ಮರದ ಮಾತು."

"ಮರವನ್ನು ಎಂತಕ್ಕೆ ಎಳೀತೀರಿ? ಅದು ಪಾಪದ್ದು."

ಅವನು ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಗೋಣಿಚೀಲ ಹಾಸಿ, ಅಂಗಾತ ಮಲಗಿ ಲಾರಿಯ ಕೆಳಗೆ ಜಾರಿದ.

ಸೋರಿದ ಎಣ್ಣೆ ತಿರುಗುವ ಶಾಫ್ಟಿಗೆ ಸಿಕ್ಕಿ ಸುತ್ತಲೂ ಚಿಮ್ಮಿ, ಮಣ್ಣು ಹಿಡಿದು ಕಪ್ಪು ಹುಣ್ಣಿನ ಹಾಗೆ ಕಟ್ಟಿತ್ತು. ಗೇರ್ ಆಯಿಲಿನ ಗಂಧಕದ ನಾತ. ಆ ನಾತ ಹಾಲಪ್ಪನಿಗೆ ಹೆಂಡತಿ ಕಮಲಳ ಅಡುಗೆಮನೆಯ ಒಗ್ಗರಣೆಯಷ್ಟೇ ಪರಿಚಿತ. ಬೇರೆ ದಿನವಾಗಿದ್ದರೆ ಅವನು ಆಕ್ಸಲ್ ಆರಲಿ ಎಂದು ಬಿಟ್ಟು ಮರುದಿನ ಬೆಳಿಗ್ಗೆ ಕೆಲಸ ಶುರು ಮಾಡುತ್ತಿದ್ದ. ಎರಡು ಸಲವೂ ಹಾಗೇ ಮಾಡಿದ್ದ. ಇವತ್ತು ಸಿಟ್ಟಿಗೆ ತಾಳ್ಮೆ ಇರಲಿಲ್ಲ. ಎಣ್ಣೆ ಎಷ್ಟು ಉಳಿದಿದೆ ನೋಡೋಣವೆಂದು, ಇನ್ನೂ ಕೈ ಸುಡುತ್ತಿದ್ದ ಡಿಫರೆನ್ಷಿಯಲಿನ ಎಣ್ಣೆ ಹುಯ್ಯುವ ಬಿರಡೆಗೆ ಪಾನಾ ಕೊಟ್ಟು ತಿರುಗಿಸಿದ.

ಉಸ್ಸ್‌ ಎಂದಿತು.

ಸಣ್ಣ ಸದ್ದಲ್ಲ. ಬಹಳ ದಿನದಿಂದ ಬಾಯಿ ಕಟ್ಟಿಸಿಕೊಂಡಿದ್ದವರು ಒಮ್ಮೆಗೆ ಉಸಿರು ಬಿಟ್ಟ ಹಾಗೆ, ಉದ್ದಕ್ಕೆ. ಬಿಸಿಗಾಳಿ ಹಾಲಪ್ಪನ ಕೆನ್ನೆಗೆ ಬಡಿಯಿತು.

ಅವನು ಅಲ್ಲಾಡದೆ ಮಲಗಿದ. ಆಕ್ಸಲಿನ ಒಳಗೆ ಗಾಳಿ ಕಟ್ಟಿಕೊಳ್ಳಬಾರದು. ಓಡಿದಂತೆ ಎಣ್ಣೆ ಕಾಯುತ್ತದೆ, ಗಾಳಿ ಹಿಗ್ಗುತ್ತದೆ. ಹಿಗ್ಗಿದ್ದು ಹೊರಹೋಗಲೆಂದು ಆಕ್ಸಲಿನ ಬೆನ್ನ ಮೇಲೆ ಬೆರಳ ತುದಿಯಷ್ಟು ಟೋಪಿ ಇಟ್ಟ ಒಂದು ತೂತು ಇರುತ್ತದೆ. ಬ್ರೀದರ್ ಅನ್ನುತ್ತಾರೆ. ಲಾರಿಯ ಮೂಗು ಅದು. ಹಾಲಪ್ಪ ಕೈ ಮೇಲಕ್ಕೆ ಚಾಚಿ ಅದನ್ನು ತಡವಿದ. ತೂತು ಸಿಗಲಿಲ್ಲ. ನುಣ್ಣಗೆ, ಗಟ್ಟಿಯಾಗಿ, ಹೊಳೆಯುವ ಕಪ್ಪು ಬಣ್ಣ ಸಿಕ್ಕಿತು.

ಆ ಬಣ್ಣ ಅವನಿಗೆ ಗೊತ್ತಿತ್ತು. ಕೇರಳದಲ್ಲಿ ಲಾರಿಯ ಫಿಟ್‌ನೆಸ್ ಪರೀಕ್ಷೆ ಬಂತೆಂದರೆ ಗಾಡಿಗೆ ಮದುವಣಗಿತ್ತಿಯ ಅಲಂಕಾರ. ಟೆಸ್ಟ್ ಪಣಿ ಎನ್ನುತ್ತಾರೆ: ಮೇಲೆ ಹೊಸ ಬಣ್ಣ, ಕೆಳಗೆ ಚಾಸಿಗೆ, ಆಕ್ಸಲಿಗೆ ಮಿರಮಿರ ಕಪ್ಪು. ಎರಡೂವರೆ ತಿಂಗಳ ಹಿಂದೆ ಸುಮಯ್ಯಾಳಿಗೆ ಆ ಕಪ್ಪು ಹೊಡೆದವನು ಹಾಲಪ್ಪನೇ. ಬೇರೆಯವರು ಒಂದು ಸುತ್ತು ಹೊಡೆಯುವಲ್ಲಿ ಅವನು ಮೂರು ಸುತ್ತು ಹೊಡೆಯುತ್ತಿದ್ದ. "ಆಶಾನ್ ಹೊಡೆದ ಬಣ್ಣ ಮಳೆಗಾಲ ಮೂರಾದರೂ ಏಳುವುದಿಲ್ಲ" ಅನ್ನುವುದೂ ಒಂದು ಮಾತಾಗಿತ್ತು ದ್ವೀಪದಲ್ಲಿ. ಬಣ್ಣ ಹೊಡೆಯುವಾಗ ಬ್ರೀದರಿಗೆ ಒಂದು ಚಿಂದಿ ಸುತ್ತುವುದು ಅವನ ಪದ್ಧತಿ. ಆ ದಿನ ಮಳೆ ಬರುವ ಮುಂಚೆ ಮುಗಿಸುವ ಆತುರದಲ್ಲಿ ಚಿಂದಿ ಮರೆತಿತ್ತು.

ಮೂಗಿಗೆ ಮೂರು ಸುತ್ತು ಬಣ್ಣ ಮೆತ್ತಿ, ಆಮೇಲೆ ಬಾಯಿ ಯಾಕೆ ಸೋರುತ್ತದೆ ಎಂದು ಅವನು ಎರಡು ಸಲ ಬಾಯಿ ಹೊಲಿದಿದ್ದ.

"ಎಂತ ಅದು ಹಾಲಪ್ಪಣ್ಣಾ, ಉಸ್ಸ್ ಅಂದದ್ದು?" ಟೈರಿನ ಮೇಲೆ ಕೂತಿದ್ದ ಜುಬೈದಾ ಬಗ್ಗಿ ಕೇಳಿದಳು.

ಹಾಲಪ್ಪ ಚಾಕುವಿಗೆ ಕೈ ಹಾಕಿದ. "ಏನಿಲ್ಲ," ಎಂದ. "ನಾನs ಉಸಿರು ಬಿಟ್ಟೆ."

ಚಾಕುವಿನ ತುದಿಯಿಂದ ಬಣ್ಣ ಕೆರೆದು, ಟೋಪಿ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಬಾಯಿಂದ ಊದಿ ನೋಡಿದ. ಉಸಿರು ಆಚೆಗೆ ಹೋಯಿತು. ಜುಬೈದಾ ಅದನ್ನು ನೋಡಿಯೂ ಕೇಳಲಿಲ್ಲ. ಅವಳು ಫೋನಿನಲ್ಲಿ ಯಾರಿಗೋ ವಸಂತನ ಅಂಗಡಿಯ ಪುರಾಣ ಹೇಳುತ್ತಿದ್ದಳು.

ಮರುದಿನ ಇಡೀ ಅವನು ಒಬ್ಬನೇ ದುಡಿದ. ಶಾಫ್ಟಿನ ಬೋಲ್ಟು ಬಿಚ್ಚುವ ಮೊದಲು ಉಳಿಯಿಂದ ಗುರುತು ಹೊಡೆದ. ಬಿಚ್ಚಿದ್ದು ಬಿಚ್ಚಿದ ಹಾಗೇ ಸೇರಬೇಕು. ನಡುವಿನ ದೊಡ್ಡ ನಟ್ಟಿಗೂ ಅದು ಕೂತ ದಂಡದ ತುದಿಗೂ ಸೇರಿಸಿ ಒಂದು ಚುಕ್ಕೆ. ಅದು ಕೂದಲೆಳೆ ಹೆಚ್ಚು ಬಿಗಿದರೂ ಒಳಗಿನ ಬೇರಿಂಗು ಸುಡುತ್ತದೆ, ಕಡಿಮೆ ಬಿಗಿದರೆ ಹಲ್ಲುಗಳು ಕಚ್ಚಾಡುತ್ತವೆ. ಪಾನಾಕ್ಕೆ ಐದಡಿ ಪೈಪು ತೊಡಿಸಿ ಮೈಭಾರವೆಲ್ಲ ಹಾಕಿದ ಮೇಲೆ ನಟ್ಟು ಕಿರ್ರೆಂದು ಸೋತಿತು. ಶಾಫ್ಟು ಬಂದು ಕೂಡುವ ಫ್ಲಾಂಜ್ ತಟ್ಟೆಯನ್ನು ಎಳೆದು ತೆಗೆದು ಅದರ ಕುತ್ತಿಗೆಯ ಮೇಲೆ ಉಗುರು ಆಡಿಸಿದ. ಹತ್ತೊಂಬತ್ತು ವರ್ಷ ಸೀಲಿನ ತುಟಿ ಉಜ್ಜಿದ ಜಾಗದಲ್ಲಿ ಉಗುರಿಗೆ ತಡೆಯುವ ಒಂದು ಗೆರೆ. ಎಮರಿ ಕಾಗದದಿಂದ ಅದನ್ನು ನವಿರಾಗಿ ತಿಕ್ಕಿದ. ಹೊಸ ಸೀಲನ್ನು ಎಣ್ಣೆಯಲ್ಲಿ ಅದ್ದಿ, ಹಳೆಯ ಬೇರಿಂಗಿನ ಬಳೆ ಅಡ್ಡ ಇಟ್ಟು, ಮಗುವಿನ ಬೆನ್ನು ತಟ್ಟುವ ಹಾಗೆ ಸುತ್ತಲೂ ಸಮನಾಗಿ ತಟ್ಟಿದ. ಪೂರಾ ಒಳಕ್ಕೆ ಕೂರಿಸಲಿಲ್ಲ. ನೂಲಿನಷ್ಟು ಹೊರಗೆ ಉಳಿಸಿದ, ಅದರ ತುಟಿ ಸವೆದ ಗೆರೆಯ ಮೇಲೆ ಬೀಳದೆ ಪಕ್ಕದ ಗಟ್ಟಿ ಕಬ್ಬಿಣದ ಮೇಲೆ ಕೂರಲಿ ಎಂದು. ನಟ್ಟು ಚುಕ್ಕೆಗೆ ಚುಕ್ಕೆ ಕೂಡುವ ತನಕ ಬಿಗಿದ. ಹೊಸ ಎಣ್ಣೆ ತುಂಬಿದ. ಕೊನೆಗೆ ಲಾರಿಯ ಹೊಟ್ಟೆಯನ್ನು ಡೀಸೆಲಿನಲ್ಲಿ ತೊಳೆದು ಒರೆಸಿದ. ಕಪ್ಪು ಮಾತ್ರ ಬಳಿಯಲಿಲ್ಲ.

ಕೈ ದುಡಿಯುತ್ತಿದ್ದರೆ ಮನಸ್ಸು ಒಂದೇ ಮಾತನ್ನು ಹೊರಳಿಸುತ್ತಿತ್ತು. ಯಾರಿಗೆ ಗೊತ್ತು? ಬಣ್ಣ ಹೋಯಿತು, ತೂತು ತೆರೆಯಿತು. ಮೂರನೇ ಸೀಲು ನಿಲ್ಲುತ್ತದೆ. ಮೊದಲಿನ ಎರಡು ಕಳ್ಳಮಾಲು ಅಂದರೆ ಮುಗಿಯಿತು. ಜಗತ್ತಿಗೆ ಆ ಕಥೆ ಸಾಕು.

ಶುಕ್ರವಾರ ಬೆಳಿಗ್ಗೆ ಅವನು ಪೆಟ್ಟಿಗೆಯಿಂದ ಬಿಳಿ ಧೋತರ ತೆಗೆದು ಚೀಲಕ್ಕೆ ಹಾಕಿಕೊಳ್ಳುವುದನ್ನು ಕಮಲ ನೋಡಿದಳು.

"ಯಾರ ಮದುವಿ?"

"ಸುಮಯ್ಯಾಂದು," ಎಂದ.

"ಲಾರಿಗೇನು ಹುಚ್ಚು, ನಿಮಗೇನು ಹುಚ್ಚು," ಎಂದು ಅವಳು ರೊಟ್ಟಿಯ ಗಂಟನ್ನು ಕೈಗಿಟ್ಟಳು. "ನೀಲಿ ಹಾಕಿ ಒಗೆದದ್ದು. ಕಲೆ ಮಾಡ್ಕೊಂಡು ಬಂದೀರಿ, ಮತ್ತ."

ಅಕ್ಕಿ, ಹಿಟ್ಟಿನ ಲೋಡು ತುಂಬಿಕೊಂಡು ಆರು ಗಂಟೆಗೆ ಹೊರಟರು. ಅರೂರು, ಚೇರ್ತಲ, ಆಲಪ್ಪುಳ. ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆ ರಸ್ತೆಯನ್ನು ಎಲ್ಲೆಂದರಲ್ಲಿ ಅಗೆದಿದ್ದರು. ಲಾರಿ ಹೊಂಡಕ್ಕೆ ಇಳಿದು ಏರುವಾಗೆಲ್ಲ ಹಾಲಪ್ಪ ಸೀಟಿನ ಅಂಚು ಹಿಡಿಯುತ್ತಿದ್ದ. ಹರಿಪ್ಪಾಡಿನಲ್ಲಿ ಹಾಲಿಲ್ಲದ ಕಟ್ಟನ್ ಚಾಯ ಕುಡಿಯಲು ನಿಲ್ಲಿಸಿದಾಗ ಜುಬೈದಾ ಟಾರ್ಚು ತೆಗೆದಳು.

"ಇಳೀರಿ, ನೋಡುವಾ."

"ನಾ ಇಣುಕಂಗಿಲ್ಲ. ಇಣುಕಿದ್ರ ಅನುಮಾನ ಪಟ್ಟಂಗ."

"ಸರಿ, ಮರ್ಯಾದೆ ನಿಮಗೆ, ಮಣ್ಣು ನನಗೆ," ಎಂದು ಅವಳು ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ಲಾರಿಯ ಅಡಿಗೆ ನುಗ್ಗಿದಳು. ಹಾಲಪ್ಪ ಬೆನ್ನು ತಿರುಗಿಸಿ ಚಹಾ ಕುಡಿದ. ಗ್ಲಾಸು ಖಾಲಿಯಾದ ಮೇಲೂ ಎರಡು ಸಲ ಬಾಯಿಗೆ ಹಿಡಿದ.

"ಒಣಗಿ ಉಂಟು!" ಕೆಳಗಿನಿಂದ ಕೂಗು ಬಂತು.

"ನನಗ್ಗೊತ್ತಿತ್ತು," ಎಂದ ಅವನು, ಖಾಲಿ ಗ್ಲಾಸು ಕೆಳಗಿಡುತ್ತ.

ಕೊಲ್ಲಂ ದಾಟುವ ಹೊತ್ತಿಗೆ ಜುಬೈದಾಳ ಉತ್ಸಾಹ ಏರಿತ್ತು. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಗಾಳಿಯಲ್ಲಿ. "ಆ ವಸಂತನಿಗೆ ಉಂಟು ನೋಡಿ. ಲಾರಿ ಮಾಲೀಕರ ಗ್ರೂಪಿನಲ್ಲಿ ಇವತ್ತೇ ಹಾಕುದು. ಕಳ್ಳ ಸೀಲು ಮಾರುವ ಅಂಗಡಿ, ಯಾರೂ ಹೋಗಬೇಡಿ ಅಂತ. ಮುನ್ನೂರು ಜನ ಇದ್ದಾರೆ ಅದರಲ್ಲಿ. ಫೋಟೋ ಬೇಕು ಹಾಲಪ್ಪಣ್ಣಾ, ಆ ಹಳೇ ಸೀಲು ಇಟ್ಟಿದ್ದೀರಲ್ಲ?"

"ಗೇಟು ದಾಟಲಿ ಮೊದಲು," ಎಂದ ಹಾಲಪ್ಪ ಕಿಟಕಿಯಾಚೆ ನೋಡುತ್ತ. ರೊಟ್ಟಿಯ ಗಂಟು ಬಿಚ್ಚಿರಲಿಲ್ಲ.

ಎರಡು ಗಂಟೆಗೆ ತಿರುವನಂತಪುರ ಬೈಪಾಸಿನಿಂದ ಇಳಿದು ಗೋದಾಮಿನ ಗೇಟು ಮುಟ್ಟಿದರು. ದೂರದಲ್ಲಿ ಬಂದರಿನ ದೊಡ್ಡ ಕ್ರೇನುಗಳು ಕತ್ತೆತ್ತಿ ನಿಂತಿದ್ದವು. ಗಾಳಿಯಲ್ಲಿ ಒಣಮೀನಿನ ವಾಸನೆ. ಗೇಟಿನಲ್ಲಿ ಅಲ್ವಿನ್ ನಿಂತಿದ್ದ: ಮೂವತ್ತರ ಪ್ರಾಯ, ಇಸ್ತ್ರಿ ಮಾಡಿದ ಅಂಗಿ, ಹಳದಿ ಜಾಕೆಟ್ಟು, ಕೈಯಲ್ಲಿ ರಟ್ಟಿನ ಹಾಳೆ.

"ಬಂದ್ರಾ ಜುಬೈದಾಕ್ಕ. ವರ್ಕ್‌ಶಾಪಿಗೆ ಕೊಟ್ರಾ?"

"ಇವರೇ ವರ್ಕ್‌ಶಾಪು," ಎಂದಳು ಜುಬೈದಾ.

ಹಾಲಪ್ಪ ಕೆಳಗಿಳಿದ. "ಮರದಡಿಯವ ಅಂದ್ರಲ್ಲ, ಅವ ನಾನs. ನಮಸ್ಕಾರ್ರಿ."

ಅಲ್ವಿನ್‌ನ ಮುಖ ಕೆಂಪಾಯಿತು. "ಅದು ಹಾಗಲ್ಲ ಮಾರ್ರೆ... ನನ್ನ ಮೇಲೆ ಸಿಟ್ಟು ಮಾಡ್ಬೇಡಿ. ಒಳಗೆ ಫೋರ್ಕ್‌ಲಿಫ್ಟ್ ಓಡುದು. ಹೋದ ವರ್ಷ ಒಂದು ಲಾರಿಯ ಎಣ್ಣೆ ಮೇಲೆ ಅದು ಜಾರಿ ಒಬ್ಬನ ಕಾಲು ಹೋಯ್ತು. ಅವನನ್ನು ಎತ್ತಿಕೊಂಡು ಹೋದದ್ದು ನಾನು."

ಹಾಲಪ್ಪ ಅವನ ಮುಖವನ್ನೇ ನೋಡಿದ. ಸುಳ್ಳಿರಲಿಲ್ಲ. "ಹಂಗಾದ್ರ ನಿಮ್ಮ ರಟ್ಟು ಬ್ಯಾಡ," ಎಂದ. "ರಟ್ಟು ಎಣ್ಣಿ ಕುಡಿದು ಸುಮ್ಕ ಇರ್ತೈತಿ. ಇದು ಚಾಡಿ ಹೇಳ್ತೈತಿ." ಚೀಲದಿಂದ ಧೋತರ ತೆಗೆದು ಎರಡು ಮಡಿಕೆ ಮಾಡಿ, ಆಕ್ಸಲಿನ ಕೆಳಗೆ, ಪೂಜೆಗೆ ಮಡಿವಸ್ತ್ರ ಹಾಸಿದ ಹಾಗೆ ಹಾಸಿದ. ಬಿಸಿಲಿನಲ್ಲಿ ಅದು ಕಣ್ಣು ಕುಕ್ಕಿತು. ಸಾಲಿನಲ್ಲಿದ್ದ ಡ್ರೈವರುಗಳು ಒಬ್ಬೊಬ್ಬರಾಗಿ ಇಳಿದು ಬಂದು ನೋಡತೊಡಗಿದರು.

ಅರ್ಧ ಗಂಟೆ. ಜುಬೈದಾ ಶಾಲಿನ ತುದಿ ಜಗಿಯುತ್ತಿದ್ದಳು. ಹಾಲಪ್ಪ ಕೈಕಟ್ಟಿ ನಿಂತಿದ್ದ.

ಇಪ್ಪತ್ತನೇ ನಿಮಿಷಕ್ಕೆ ಟಪ್ಪೆಂದು ಒಂದು ಹನಿ ಬಿತ್ತು.

ಗುಂಪು ಅಯ್ಯೋ ಎಂದಿತು. ಬಿಳಿಯ ಮೇಲೆ ಬೂದು ಬಣ್ಣದ, ಕಡಲೆಯಷ್ಟಗಲದ ಕಲೆ. ಜುಬೈದಾ ಕಣ್ಣು ಮುಚ್ಚಿದಳು. ಹಾಲಪ್ಪ ಮಾತ್ರ ಬಗ್ಗಿ ಧೋತರದ ಆ ಮೂಲೆಯನ್ನು ಎಳೆದು ಮೂಗಿಗೆ ಹಿಡಿದ. ಆಮೇಲೆ ಅದನ್ನು ಅಲ್ವಿನ್‌ನ ಮೂಗಿನ ಮುಂದೆ ಚಾಚಿದ.

"ಮೂಸ್ರಿ."

"ನಾನಾ?"

"ಆಫೀಸರ್ ಯಾರು, ನಾನೇನು? ಗೇರ್ ಆಯಿಲ್ ಆಗಿದ್ರ ಕೊಳತ ತತ್ತಿ ನಾರತೈತಿ. ಮೂಸ್ರಿ."

ಅಲ್ವಿನ್ ಮೂಸಿದ. ಇನ್ನೊಮ್ಮೆ ಮೂಸಿದ. ಬೆರಳಿಂದ ಉಜ್ಜಿದ, ಜಿಡ್ಡಿರಲಿಲ್ಲ. "ಕೆಸರು ನೀರು," ಎಂದ.

"ಆಟ್ಟಿಂಗಲಿನ ಹೊಂಡದ್ದು!" ಜುಬೈದಾ ಕಿರುಚಿದಳು. "ನಾನು ಹೇಳಿದೆ ಅಲ್ವಾ ಅಲ್ಲಿ ನೀರು ಉಂಟು ಅಂತ!"

ಉಳಿದ ಹತ್ತು ನಿಮಿಷ ಏನೂ ಬೀಳಲಿಲ್ಲ. ಅಲ್ವಿನ್ ನಗುತ್ತ ಫಾರಂ ತೆಗೆದು ಲಾರಿಯ ಬಾನೆಟ್ಟಿನ ಮೇಲಿಟ್ಟು ತುಂಬತೊಡಗಿದ. "ಪಾಸ್. ಇನ್ನು ಒಂದೇ ಕಾಲಂ. ಮೊದಲು ಸೋರಿದ್ದಕ್ಕೆ ಕಾರಣ?"

"ಕಳ್ಳ ಸೀಲು," ಎಂದಳು ಜುಬೈದಾ ತಡಮಾಡದೆ. "ಎರ್ನಾಕುಲಂನ ಅಂಗಡಿಯವ ಮೋಸ ಮಾಡಿದ್ದು. ಹೆಸರೂ ಹೇಳ್ತೇನೆ, ಬರೆಯಿರಿ."

"ಒಳ್ಳೇದಾಯ್ತು," ಎಂದ ಅಲ್ವಿನ್. "ಮಾಲಿನ ತಪ್ಪಾದ್ರೆ ಇಲ್ಲಿಗೇ ಮುಗೀತು. ಕೆಲಸದವರ ತಪ್ಪಾದ್ರೆ ದೊಡ್ಡ ವರ್ಕ್‌ಶಾಪಿನ ಸರ್ಟಿಫಿಕೇಟ್ ಬೇಕಾಗ್ತಿತ್ತು, ಅದಿಲ್ಲದೆ ಗಾಡಿ ಬಿಡ್ಲಿಕ್ಕಿಲ್ಲ." ಪೆನ್ನಿನ ತುದಿ ಕಾಗದ ಮುಟ್ಟಿತು.

ಹಾಲಪ್ಪ ಆ ಪೆನ್ನಿನ ತುದಿಯನ್ನು ನೋಡಿದ. ಇನ್ನೊಂದು ಉಸಿರಿನ ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವನಿಗೆ ಲಾರಿಯ ಕೆಳಗೆ ಕೇಳಿದ ಆ ಸದ್ದು ನೆನಪಾಯಿತು.

"ತಡೀರಿ," ಎಂದ. "ಸೀಲು ಛಲೋ ಇತ್ತು. ಎರಡೂ ಛಲೋ ಇದ್ದವು. ತಪ್ಪು ನಂದು."

ಜುಬೈದಾಳ ಕೈ ಗಾಳಿಯಲ್ಲೇ ನಿಂತಿತು.

"ಟೆಸ್ಟ್ ಪಣಿ ದಿವಸ ಬ್ರೀದರಿನ ಮ್ಯಾಲೆ ನಾನs ಬಣ್ಣ ಹೊಡದೆ. ಗಾಳಿ ಹೋಗಾಕ ಹಾದಿ ಇಲ್ಲ, ಸೀಲು ಒಡಕೊಂಡು ಬಂತು. ಮಂಗಳವಾರ ಗೊತ್ತಾತು. ಮೂರು ದಿವಸ ಹೇಳಲಿಲ್ಲ. ಅದೂ ನನ್ನ ತಪ್ಪು. ಬರೀರಿ."

"ಹಾಲಪ್ಪಣ್ಣಾ," ಜುಬೈದಾಳ ದನಿ ಇಳಿದಿತ್ತು, "ನಾನು ಇಡೀ ದಾರಿ ಆ ವಸಂತನಿಗೆ ಶಾಪ ಹಾಕಿದೆ. ನೀವು ಕಿಟಕಿ ನೋಡ್ತಾ ಕೂತದ್ದು!"

"ಹೌದವಾ. ನಿನ್ನ ಶಾಪ ನನಗs ತಾಗಿದ್ವು. ಒಂದೂ ವಸಂತಗ ಹೋಗಿಲ್ಲ."

ಅಲ್ವಿನ್ ಪೆನ್ನು ಮುಚ್ಚಿದ. "ಈಗ ನಾನು ಹೇಗೆ ಬಿಡುದು? ಕೆಲಸದವರ ತಪ್ಪು, ಸರಿ ಮಾಡಿದ್ದೂ ಅದೇ ಕೆಲಸದವರು, ಸರ್ಟಿಫಿಕೇಟ್ ಇಲ್ಲ. ಸುಮ್ಮನಿದ್ದಿದ್ರೆ ಆಗ್ತಿತ್ತಲ್ಲ ಮಾರ್ರೆ!"

"ಆಗ್ತಿತ್ತು," ಎಂದ ಹಾಲಪ್ಪ, ಮೀಸೆ ಎತ್ತಿ. "ಒಂದು ಮಾತು ಹೇಳ್ರಿ. ಹಿಂದಿನ ಆ ನೀಲಿ ಲಾರಿಗೆ ಸರ್ಟಿಫಿಕೇಟ್ ಐತೇನು?"

ಸುಮಯ್ಯಾಳ ಹಿಂದೆ ನಿಂತಿದ್ದದ್ದು ಆಗತಾನೆ ಟೆಸ್ಟ್ ಪಣಿ ಮುಗಿಸಿದ ಲಾರಿ, ಮಿರಮಿರ ಮಿಂಚುತ್ತಿತ್ತು. "ಉಂಟು," ಎಂದ ಅಲ್ವಿನ್. ಹಾಲಪ್ಪ ಅದರ ಡ್ರೈವರನ ಹತ್ತಿರ ಮಲಯಾಳದಲ್ಲಿ ಎರಡು ಮಾತಾಡಿದ. ಆಶಾನ್ ಎಂಬ ಹೆಸರು ಅವನೂ ಕೇಳಿದ್ದ, ತಲೆಯಾಡಿಸಿದ. ಹಾಲಪ್ಪ ಅಲ್ವಿನ್‌ನನ್ನು ಮೊದಲು ಸುಮಯ್ಯಾಳ ಕೆಳಗೆ ಕೂರಿಸಿ ಬಿರಡೆ ಸಡಿಲಿಸಿದ. ಸದ್ದಿಲ್ಲ. ಆಮೇಲೆ ನೀಲಿ ಲಾರಿಯ ಕೆಳಗೆ. ಪಾನಾ ಅರ್ಧ ಸುತ್ತು ತಿರುಗಿತ್ತೋ ಇಲ್ಲವೋ, ಉಸ್ಸ್‌ ಎಂಬ ಸದ್ದಿಗೆ ಅಲ್ವಿನ್ ತಲೆ ಎತ್ತಿ ಚಾಸಿಗೆ ಹೊಡೆದುಕೊಂಡ.

"ಇದು ಇವತ್ತು ಸೋರಿಲ್ಲ. ಇನ್ನೆರಡು ಟ್ರಿಪ್ಪಿಗೆ ನಿಮ್ಮ ಅಂಗಳದಾಗ ಸೋರತೈತಿ," ಎಂದ ಹಾಲಪ್ಪ. "ಕಾರಣ ಗೊತ್ತಿಲ್ಲದ ಕಾಗದ ಬೇಕೋ, ಕಾರಣ ಗೊತ್ತಿರೋ ಮನಷ್ಯಾ ಬೇಕೋ, ನೀವs ನೋಡ್ರಿ. ಬಿಡದಿದ್ರ ಬ್ಯಾಡ. ಲೋಡು ನಾನs ಹೊತ್ತು ಇಳಸ್ತೀನಿ. ಕಳ್ಳ ಸೀಲು ಅಂತ ಮಾತ್ರ ಬರೀಬ್ಯಾಡ್ರಿ."

ಅಲ್ವಿನ್ ಬಹಳ ಹೊತ್ತು ತಲೆ ಉಜ್ಜಿಕೊಂಡ. ಆಮೇಲೆ ಪೆನ್ನು ಬಿಚ್ಚಿ ಇಂಗ್ಲಿಷಿನಲ್ಲಿ ಬರೆಯುತ್ತ ಕನ್ನಡದಲ್ಲಿ ಹೇಳಿದ: "ಕಾರಣ, ಬಣ್ಣದಿಂದ ಬ್ರೀದರ್ ಮುಚ್ಚಿದ್ದು. ತಪ್ಪು ಯಾರದ್ದು, ಹಾಲಪ್ಪ. ಸರಿ ಮಾಡಿದ್ದು ಯಾರು..."

"ಹಾಲಪ್ಪ," ಎಂದ ಹಾಲಪ್ಪ. "ಎರಡೂ ಕಡೆ ಬರಲಿ."

"ಪರಿಶೀಲಿಸಿದ್ದು, ನಾನು. ಮೇಲಿನವರು ಕೇಳಿದ್ರೆ ನಾನು ಹೇಳ್ತೇನೆ. ಸೈನ್ ಹಾಕಿ."

ಹಾಲಪ್ಪ ಕೈಯನ್ನು ಅಂಗಿಗೆ ಒರೆಸಿ, ಕನ್ನಡದಲ್ಲಿ, ಕಾಲಂನ ಗೆರೆ ದಾಟಿ ಹೋಗುವಷ್ಟು ದೊಡ್ಡ ಅಕ್ಷರದಲ್ಲಿ ಹೆಸರು ಬರೆದ. ಅಲ್ವಿನ್ ಅದನ್ನು ಎತ್ತಿ ಹಿಡಿದು, ಬಹಳ ದಿನದ ಮೇಲೆ ಓದುವವನ ಹಾಗೆ ತುಟಿಯಲ್ಲೇ ಓದಿಕೊಂಡ. ನೀಲಿ ಲಾರಿಯ ಡ್ರೈವರ್ ಆಶಾನ್‌ನ ಶೆಡ್ಡಿನ ದಾರಿ ಕೇಳಿಕೊಂಡ. ಗೇಟು ತೆರೆಯಿತು. ಸುಮಯ್ಯಾ ಗುಡುಗುತ್ತ ಒಳಗೆ ಹೋದಳು.

ಲೋಡು ಇಳಿಸಿ ಹೊರಬಂದ ಮೇಲೆ ಕೊಲ್ಲಂ ತನಕ ಜುಬೈದಾ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದೇ ಓಡಿಸಿದಳು. ಆಮೇಲೆ, "ಆ ರೊಟ್ಟಿ ಬಿಚ್ಚಿ, ಹಸಿವಾಗ್ತದೆ," ಎಂದಳು. ಅರ್ಧ ರೊಟ್ಟಿ ಮುಗಿದ ಮೇಲೆ, "ಮುಂದಿನ ಟೆಸ್ಟಿಗೆ ಬಣ್ಣ ನಾನೇ ಹೊಡೆಯುದು. ನೀವು ದೂರ ನಿಲ್ಲಿ."

ಮರುದಿನ ಬೆಳಿಗ್ಗೆ ಎರ್ನಾಕುಲಂನಲ್ಲಿ ಅಂಗಡಿಗಳು ಬಾಗಿಲೆತ್ತುವ ಹೊತ್ತಿಗೆ ಹಾಲಪ್ಪ ವಸಂತನ ಕೌಂಟರಿನ ಮುಂದೆ ನಿಂತಿದ್ದ. ಗಿರಾಕಿ ಇರಲಿಲ್ಲ. ಅವನು ಪಕ್ಕದ ಗೋಡೆಗೆ ಒರಗಿ ಕಾದ. ಒಬ್ಬ ಬಂದ, ಇಬ್ಬರು ಬಂದರು. ನಾಲ್ಕನೆಯವನು ಬಂದು ನಿಂತ ಮೇಲೆ ಗಂಟಲು ಸರಿ ಮಾಡಿಕೊಂಡು, ಮೊದಲು ಮಲಯಾಳದಲ್ಲಿ, ಆಮೇಲೆ ಕನ್ನಡದಲ್ಲಿ, ಅಂದು ಕೂಗಿದಷ್ಟೇ ಜೋರಾಗಿ ಕೂಗಿದ:

"ಏ ವಸಂತಾ! ನಿನ್ನ ಸೀಲು ಅಸಲಿ ಮಾಲು. ಕೆಡಿಸಿದವ ನಾನು. ಇವರೆಲ್ಲ ಕೇಳಲಿ ಅಂತ ಹೇಳಾಕತ್ತೀನಿ."

ಉಡುಪಿ ಕಡೆಯ ತಾಯಿಯಿಂದ ಕನ್ನಡ ಕಲಿತ ವಸಂತ ಕನ್ನಡಕ ಏರಿಸಿ ಅವನನ್ನು ನೋಡಿದ. "ಕೇಳಿತು ಆಶಾನೇ. ಬೀದಿಗೂ ಕೇಳಿತು. ಈಗೆಂತ ಬೇಕು?"

"ಇನ್ನೊಂದು ಸೀಲು," ಎಂದ ಹಾಲಪ್ಪ. "ಒಂದು ನೀಲಿ ಲಾರಿ ಬರೋದೈತಿ."